ಗಾರೆ ಇಲ್ಲದ ಗೋಡೆ

ಕಾದ ಕಲ್ಲಿಗೆ ತಣ್ಣೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮೊದಲ ಮಳೆಯ ಮಣ್ಣಿನ ವಾಸನೆಯನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ, ಇದನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಹೊಗಳುವಂಥದ್ದೂ ಅಲ್ಲ ಬಿಡಿ, ಮೂಗಿನೊಳಗೆ ಉಗುರಿನಿಂದ ಗೀರಿದ ಹಾಗಿರುತ್ತದೆ. ಹೋದ ತಿಂಗಳು ಗೋವಾದ ಕುಂಕಳ್ಳಿಯ ನಮ್ಮ ಬಾಲವಾಡಿಯಲ್ಲಿ ಮಕ್ಕಳಿಗೆ ಅನ್ನ ಮಾಡುವಾಗ ನೀರಿನ ತಂಬಿಗೆ ಉರುಳಿ ಒಲೆಯ ಕಲ್ಲಿನ ಮೇಲೆ ಚೆಲ್ಲಿತು. ಚುಂಯ್ ಎಂದು ಹಬೆ ಎದ್ದಿತು. ನಾನು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ಜೊತೆಯಲ್ಲಿ ಕೆಲಸ ಮಾಡುವ ಹೆಂಗಸು, “ಯಾಕ್ರಿ ಅಕ್ಕಾರ, ಕೈ ಸುಟ್ಟಿತೇನು?” ಎಂದು ಕೇಳಿದಳು. ಇಲ್ಲ ಎಂದೆ.

ಮರುದಿನ ಭಾನುವಾರ ಹೊಸ ರೈಲು ಹತ್ತಿ ಕಾಣಕೋಣಕ್ಕೆ ಹೋದೆ. ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಆಣೆ ಮಾಡಿ ಒಂಬತ್ತು ವರ್ಷವಾಗಿತ್ತು.

ನಾವು ಮೊದಲು ಕಾಣಕೋಣಕ್ಕೆ ಹೋದದ್ದು ಗೋವಾ ರಾಜ್ಯವಾದ ಮೇಲೆ ಬಂದ ಎರಡನೆಯ ಚಳಿಗಾಲದಲ್ಲಿ. ನಾವು ಹುನಗುಂದದ ಕಡೆಯವರು, ಕಲ್ಲಿನ ಕೆಲಸದ ಮನೆತನ. ನಾನು ಹತ್ತನೆಯ ತರಗತಿವರೆಗೆ ಓದಿದವಳು. ನಮ್ಮ ಮನೆಯವರು ಶಾಲೆಯ ಪಾಯ ಕಟ್ಟಿದ್ದರೇ ಹೊರತು ಒಳಗೆ ಕಾಲಿಟ್ಟವರಲ್ಲ. ಮದುವೆಯಾದ ವರ್ಷವೇ ಗೋವಾಕ್ಕೆ ಬಂದೆವು. ಅವರು ಕಲ್ಲು ಕಟೆದರೆ ನಾನು ಹೊರುತ್ತಿದ್ದೆ. ಕಲಂಗುಟ್ಟಿನಲ್ಲಿ ಹೋಟೆಲಿನ ಮೆಟ್ಟಿಲು, ಮಡಗಾವಿನಲ್ಲಿ ಬಂಗಲೆಯ ಪಾಯ, ಇನ್ನೆಲ್ಲೋ ಗಟಾರ. ಕೆಲಸ ಮುಗಿದ ಮೇಲೆ ನಾವು ಆ ಮನೆಯ ಗೇಟಿನ ಮುಂದೆ ನಿಂತರೆ ನಾಯಿ ಬಿಡುತ್ತಿದ್ದರು. ಊರವರ ಬಾಯಲ್ಲಿ ನಮಗೆಲ್ಲ ಒಂದೇ ಹೆಸರು, ಘಾಟಿ. ಘಟ್ಟ ಇಳಿದು ಬಂದವರು ಎಂದು ಅರ್ಥವಂತೆ. ಹೇಳುವ ದನಿಯಲ್ಲಿ ಬೇರೆಯದೇ ಅರ್ಥ ಇರುತ್ತಿತ್ತು.

ನಮ್ಮ ಮನೆಯವರು ಹೆಚ್ಚು ಮಾತಿನವರಲ್ಲ. ಆದರೆ ಒಂದು ಮಾತನ್ನು ಊಟಕ್ಕೆ ಕುಳಿತಾಗ ಆಗಾಗ ಹೇಳುತ್ತಿದ್ದರು. “ಇಷ್ಟ ಮನಿ ಕಟ್ಟೀನಿ, ಒಂದರ ಮನಿ ಮುಂದ ನಿಂತು ಇದು ನನ್ನ ಕೈಗೆಲಸ ಅನ್ನೂಹಂಗಿಲ್ಲ ನೋಡು. ಒಂದು, ಒಂದ ಒಂದು ಕೆಲಸ ನನ್ನ ಹೆಸರಿಲೆ ನಿಂತ್ರ ಸಾಕಾಗಿತ್ತು.” ಇನ್ನೊಬ್ಬರಾಗಿದ್ದರೆ ಹೊಲ ಕೇಳುತ್ತಿದ್ದರು, ಬಂಗಾರ ಕೇಳುತ್ತಿದ್ದರು. ಇವರಿಗೆ ಹೆಸರಿನ ಹಸಿವು.

ಅವರ ಹೆಸರನ್ನು ನಾನು ಇಲ್ಲಿಯವರೆಗೂ ಬರೆದಿಲ್ಲ ಎಂಬುದು ಓದುವವರ ಗಮನಕ್ಕೆ ಬಂದಿರಬಹುದು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ಹೆದರಿಸಿದ್ದಳು. ಮದುವೆಯಲ್ಲೋ ಬಸುರಿಯ ಕುಬುಸದ ಕಾರ್ಯದಲ್ಲೋ ಹೆಂಗಸರು ಬೆನ್ನು ಬಿದ್ದರೆ ಒಂದು ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರನ್ನು ಹುದುಗಿಸಿ ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತೇವೆ. ಅಷ್ಟಕ್ಕೆ ಮಾತ್ರ ಪರವಾನಗಿ.

ಕಾಣಕೋಣದಲ್ಲಿ ಕೂಲಿಯವರು ಬೆಳಿಗ್ಗೆ ನಿಲ್ಲುವ ನಾಕಾಕ್ಕೆ ಒಂದು ದಿನ ಇನಾಸ್ ಬಾಬ್ ಬಂದ. ಅರವತ್ತೈದು ದಾಟಿದ ಕ್ರಿಶ್ಚಿಯನ್ ಮುದುಕ, ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಬೆತ್ತ. ಬಾಬ್ ಅಂದರೆ ಅಲ್ಲಿ ನಮ್ಮ ಸಾಹುಕಾರ ಇದ್ದ ಹಾಗೆ. ಇಪ್ಪತ್ತೈದು ವರ್ಷ ಆಫ್ರಿಕಾದ ಮೊಜಾಂಬಿಕ್ಕಿನ ಬಂದರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಪೋರ್ತುಗೀಸರು ಅಲ್ಲಿಂದ ಗಂಟು ಕಟ್ಟಿದಾಗ ತಾನೂ ಕಟ್ಟಿದವನು. ತಾಯಿ ಕಾರವಾರದವಳಾದ್ದರಿಂದ ಮುರುಕು ಕನ್ನಡ ಬರುತ್ತಿತ್ತು. ಸಮುದ್ರದ ಕಡೆ ಇಳಿಯುವ ಗುಡ್ಡದ ಮೇಲೆ ಅವನ ಮನೆ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಗುಡ್ಡದ ಅಂಚಿಗೆ ಒಂದು ಗೋಡೆ ಬೇಕು ಎಂದ. ಬಳಸಿ ಬರುವ ಗೋಡೆ, ಕರಿಕಲ್ಲಿನದು, ಗಾರೆ ಸಿಮೆಂಟು ಒಂದು ಚಿಟಿಕೆಯೂ ಇರಬಾರದು. ನಾಕಾದ ಗೌಂಡಿಗಳೆಲ್ಲ ಮುದುಕನಿಗೆ ಅರಳುಮರಳು ಎಂದು ನಕ್ಕರು.

ನಮ್ಮ ಮನೆಯವರು ನಗಲಿಲ್ಲ. “ನಮ್ಮ ಊರಾಗ ಹೊಲದ ಒಡ್ಡೆಲ್ಲಾ ಹಂಗ ಅದಾವಲ್ರಿ. ಅದರಾಗೇನೈತಿ?” ಎಂದರು.

ಮನೆಗೆ ಕರೆದುಕೊಂಡು ಹೋಗಿ ಮುದುಕ ಆಫ್ರಿಕಾದ ಒಂದು ಹಾಳುಬಿದ್ದ ರಾಜ್ಯದ ಫೋಟೋ ತೋರಿಸಿದ. ಆರಾಳು ಎತ್ತರದ ಕಲ್ಲಿನ ಗೋಡೆ, ಹಾವು ಹರಿದ ಹಾಗೆ ಬಳುಕಿ ಹೋಗಿದೆ. ಬುಡದಲ್ಲಿ ನಿಂತ ಮನುಷ್ಯ ಇರುವೆಯಷ್ಟು ಕಾಣುತ್ತಾನೆ. ನಮ್ಮ ಮನೆಯವರು ಫೋಟೋವನ್ನು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದರು. ಆಮೇಲೆ, “ಇದು ಸುರಂಗದ ಮದ್ದು ಹಾಕಿ ಒಡದ ಕಲ್ಲಲ್ರಿ ಬಾಬ್. ಹಾಸಬಂಡಿ ಮ್ಯಾಲ ಬೆಂಕಿ ಹಾಕಿ, ನೀರು ಹೊಡದು ಎಬ್ಬಿಸಿದ್ದು. ನೋಡ್ರಿ, ಎಲ್ಲಾ ಕಲ್ಲಿನ ದಪ್ಪ ಒಂದ ಐತಿ. ನಮ್ಮ ಅಜ್ಜ ಹಿಂಗ ಎಬ್ಬಸ್ತಿದ್ದ” ಎಂದರು.

ಇನಾಸ್ ಬಾಬ್ ಕುರ್ಚಿಯಲ್ಲಿ ಕುಳಿತೇಬಿಟ್ಟ. “ಅರೇ ದೇವಾ! ಅಲ್ಲಿ ಕಲಿತವರು ಕೋಟು ಹಾಕಿಕೊಂಡು ಇದನ್ನು ಹೇಗೆ ಕಟ್ಟಿದರು ಅಂತ ಜಗಳ ಮಾಡ್ತಾರೆ, ನೀನು ಒಂದು ಸಲ ನೋಡಿ ಹೇಳಿದೆಯಲ್ಲ ಮೇಸ್ತ್ರಿ!” ಅಂದಿನಿಂದ ಅವರು ಅವನ ಬಾಯಲ್ಲಿ ಮೇಸ್ತ್ರಿ, ನಾನು ಬಾಯ್, ಅಂದರೆ ಅಕ್ಕ. ಗೋವಾದಲ್ಲಿ ನಮ್ಮನ್ನು ಘಾಟಿ ಎನ್ನದೆ ಕರೆದ ಮೊದಲ ಮನುಷ್ಯ ಅವನು. ಅದಕ್ಕೇ ಅವನ ಮೇಲಿನ ಸಿಟ್ಟು ಇವತ್ತಿಗೂ ಪೂರ್ತಿ ಸಿಟ್ಟಾಗಿ ನಿಲ್ಲುವುದಿಲ್ಲ.

ಜನವರಿಯಲ್ಲಿ ಕೆಲಸ ಹಿಡಿದೆವು. ಬೆಳಿಗ್ಗೆ ಸಮುದ್ರದಿಂದ ಮಂಜು ಏರಿ ಗುಡ್ಡ ಮುಚ್ಚುತ್ತಿತ್ತು. ಮುದುಕನ ತೋಪಿನಲ್ಲಿ ಒಣಗಿ ನಿಂತ ಗೋಡಂಬಿ ಮರಗಳಿದ್ದವು, ಅವನ್ನೇ ಕಡಿದು ಹಾಸುಬಂಡೆಯ ಮೇಲೆ ಒಟ್ಟಿ ಬೆಂಕಿ ಕೊಡುತ್ತಿದ್ದೆವು. ಬಂಡೆ ಕಾದು ದಮ್ಮನೆ ಸದ್ದು ಬಂದಾಗ ಅವರು ಕೈ ಎತ್ತುವರು, ನಾನು ಕೊಡದ ನೀರು ಸುರಿಯುವೆ. ಹಬೆ ಏಳುತ್ತಿತ್ತು, ಆ ವಾಸನೆ ಏಳುತ್ತಿತ್ತು, ಗೇಣು ದಪ್ಪದ ಪದರು ಬಂಡೆಯಿಂದ ಬಿಟ್ಟುಕೊಳ್ಳುತ್ತಿತ್ತು. ಹಾರೆ ಹಾಕಿ ಎಬ್ಬಿಸಿದರೆ ರೊಟ್ಟಿ ಹೆಂಚಿನಿಂದ ಎದ್ದ ಹಾಗೆ ಮೇಲೆ ಬರುತ್ತಿತ್ತು. ಎಬ್ಬಿಸಿದ್ದನ್ನು ಇಟ್ಟಿಗೆಯಷ್ಟು ಒಡೆದು, ಮುಖ ತೀಡಿ, ಥರದ ಮೇಲೆ ಥರ ಕೂಡಿಸುವುದು. ಗೋಡೆಯ ಬೆನ್ನು ಸ್ವಲ್ಪ ಒಳಕ್ಕೆ ವಾಲಬೇಕು, ನಾಲ್ಕು ಕಲ್ಲಿಗೊಂದು ಉದ್ದನೆಯ ಕಲ್ಲು ಒಳಗಿನವರೆಗೆ ಹೋಗಿ ಹಿಡಿದುಕೊಳ್ಳಬೇಕು. ಗಾರೆ ಇದ್ದರೆ ತಪ್ಪು ಮುಚ್ಚಿಹೋಗುತ್ತದೆ, ಇಲ್ಲದ ಗೋಡೆಯಲ್ಲಿ ಮುಚ್ಚಿಡಲು ಜಾಗವೇ ಇರುವುದಿಲ್ಲ.

ಮಧ್ಯಾಹ್ನ ನಾವು ರೊಟ್ಟಿ ಬಿಚ್ಚಿದಾಗ ಇನಾಸ್ ಬಾಬ್ ಕುರ್ಚಿ ಹಾಕಿಸಿಕೊಂಡು ಆ ರಾಜ್ಯದ ಕತೆ ಹೇಳುತ್ತಿದ್ದ. ಗೋಡೆ ಏರಿದ ಹಾಗೆ ರಾಜ್ಯವೂ ಏರಿತು. ಎಂಟು ನೂರು ವರ್ಷದ ಹಿಂದಿನ ಮಾತಂತೆ. ಎತ್ತರದ ನಾಡು, ದನ ಕಾಯುವ ಜನ. ಅವರ ಹೊಳೆಗಳ ಮರಳಿನಲ್ಲಿ, ಗುಡ್ಡದ ಸಂದಿಯಲ್ಲಿ ಚಿನ್ನ. ಹೆಂಗಸರು ಮರಳು ತೊಳೆದು ಚಿನ್ನದ ಪುಡಿಯನ್ನು ಹಕ್ಕಿಯ ಗರಿಯ ಕೊಳವೆಯಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರಂತೆ. ಸಮುದ್ರದ ದಂಡೆಯಲ್ಲಿ ಸೊಫಾಲಾ ಎಂಬ ಬಂದರು. ಅಲ್ಲಿಗೆ ನಮ್ಮ ಕಡೆಯ ಹಡಗುಗಳು ಹತ್ತಿಬಟ್ಟೆ, ಗಾಜಿನ ಮಣಿ ತುಂಬಿಕೊಂಡು ಹೋಗುತ್ತಿದ್ದವು. ಚಿನ್ನವೆಲ್ಲ ಒಬ್ಬ ರಾಜನ ಕೈ ದಾಟಿಯೇ ಇಳಿಯಬೇಕು. ಹಾಗೆ ದೊಡ್ಡವನಾದ ರಾಜ ತನ್ನ ಸುತ್ತ ಕಲ್ಲಿನ ಗೋಡೆ ಕಟ್ಟಿಸಿದ. ಅವರ ಮಾತಿನಲ್ಲಿ ಜಿಂಬಾಬ್ವೆ ಎಂದರೆ ಕಲ್ಲಿನ ಮನೆ.

“ಯುದ್ಧಕ್ಕೆ ಕಟ್ಟಿದ್ದೇನ್ರಿ?” ಎಂದು ನಮ್ಮ ಮನೆಯವರು ಕೇಳಿದರು.

“ಅಲ್ಲ ಮೇಸ್ತ್ರಿ. ಬಾಣ ಬಿಡಲು ಕಿಂಡಿ ಇಲ್ಲ, ಕಾವಲಿಗೆ ಜಾಗ ಇಲ್ಲ. ಹೊರಗಿನವರು ನೋಡಿ ಅಬ್ಬಾ ಅನ್ನಬೇಕು, ಅಷ್ಟೇ.”

“ಅಂದ್ರ ಕಟ್ಟಿದವ್ರಿಗೆ ಕಲ್ಲಿನ ಮ್ಯಾಲ ಪ್ರೀತಿ ಇತ್ತು” ಎಂದರು ಇವರು.

ಒಂದು ದಿನ ಅವನು ಪುಟ್ಟ ತಗಡಿನ ಡಬ್ಬಿ ತಂದು ನನ್ನ ಅಂಗೈಯಲ್ಲಿ ಬಗ್ಗಿಸಿದ. ಕೆಂಪು ಮಣಿ, ಜೋಳದ ಕಾಳಿಗಿಂತ ಚಿಕ್ಕವು, ಐದೋ ಆರೋ. ಹಾಳುಬಿದ್ದ ಗೋಡೆಯ ಬುಡದಲ್ಲಿ ತಾನೇ ಆರಿಸಿದ್ದಂತೆ. “ಬಾಯ್, ಇವು ಸಮುದ್ರದ ಈ ಕಡೆಯಿಂದ ಹೋದವು. ಇಂಥದ್ದು ಒಂದು ಹಿಡಿ ಕೊಟ್ಟು ಗರಿ ತುಂಬ ಚಿನ್ನ ತಂದರು.” ನಮ್ಮ ಮದುವೆಯ ಸರದಲ್ಲೂ ಇಂಥವೇ ಕೆಂಪು ಮಣಿ ಇದ್ದವು. ಚಿನ್ನ ಕೊಟ್ಟು ಇದನ್ನು ಕೊಂಡರೇ ಎಂದು ನಗು ಬಂತು. ಮುದುಕ ನಗಲಿಲ್ಲ. “ಅವರ ದೇಶದಲ್ಲಿ ಚಿನ್ನ ಬೇಕಾದಷ್ಟು, ಮಣಿ ಇಲ್ಲ. ಇಲ್ಲದ್ದಕ್ಕೆ ಬೆಲೆ” ಎಂದ.

ಗೋಡಂಬಿ ಹಣ್ಣಾಗಿ ಇಡೀ ಗುಡ್ಡ ಹುಳಿಹುಳಿ ನಾರುವ ಹೊತ್ತಿಗೆ ಗೋಡೆ ಎದೆಯೆತ್ತರ ಬಂದಿತ್ತು. ಇನಾಸ್ ಬಾಬ್ ಇನ್ನಷ್ಟು ಫೋಟೋ ತಂದ. ನಮ್ಮ ಮನೆಯವರು ಅವನ್ನು ಬಂಡೆಯ ಮೇಲೆ ಸಾಲಾಗಿ ಹರಡಿ, ಗಾಳಿಗೆ ಹಾರದಂತೆ ಚಕ್ಕೆಕಲ್ಲು ಇಟ್ಟು, ಒಂದೊಂದನ್ನೂ ಬೆರಳಿನಿಂದ ಸವರಿದರು. “ಇದು ಮೊದಲು ಕಟ್ಟಿದ್ದು. ಕೈಗೆ ಸಿಕ್ಕಾಂಗ ಇಟ್ಟಾರ, ಕಲಿಯಾಕತ್ತಿದ್ರು. ಇದು ನಡುವಿನದು. ಥರ ನೋಡ್ರಿ, ದಾರ ಹಿಡದಾಂಗ ಐತಿ. ಇಂವಾ ಭಾಳ ಚಲೋ ಕೆಲಸಗಾರ. ಇದು ಕಡೀದು, ಸಂದಿನ್ಯಾಗ ಬೆಣಚು ತುರುಕ್ಯಾರ, ಕಲ್ಲಿನ ಮೂತಿ ತೀಡಿಲ್ಲ. ಕೈಯಾಗ ಶಕ್ತಿ ಇಲ್ಲ, ಇಲ್ಲಾ ಹೊಟ್ಟಿಗಿಲ್ಲ.” ಒಂದು ರಾಜ್ಯ ಹುಟ್ಟಿ ಬೆಳೆದು ಸತ್ತದ್ದನ್ನು ಅಕ್ಷರ ಬಾರದವರು ಗೋಡೆಯಲ್ಲಿ ಓದಿದರು. ನನಗೆ ಹೆಮ್ಮೆಯಾಯಿತು. ಹೆಮ್ಮೆ ಎನ್ನುವುದು ಸಣ್ಣ ಮಾತು, ಅಂದು ನನ್ನ ಕಣ್ಣಲ್ಲಿ ಅವರೇ ಆ ರಾಜನಾಗಿದ್ದರು.

“ಯಾಕ ಬಿದ್ದಿತ್ರಿ ಆ ರಾಜ್ಯ?” ಎಂದು ನಾನು ಕೇಳಿದೆ.

ಇನಾಸ್ ಬಾಬ್ ಬಾಯಿ ತೆರೆಯುವುದರೊಳಗೆ ಇವರೇ ಹೇಳಿದರು. “ಕಟಗಿ ಮುಗದಿರಬೇಕು. ಇಷ್ಟ ಸಣ್ಣ ಗ್ವಾಡಿಗೆ ಬಾಬ್‌ನ ಅರ್ಧ ತೋಪ ಸುಟ್ಟೇವಿ. ಅಷ್ಟ ದೊಡ್ಡದಕ್ಕ ಎಷ್ಟ ಅಡವಿ ಹೋಗಿರಬೇಕು? ಅಡವಿ ಹೋದ ಮ್ಯಾಲ ಹುಲ್ಲು ಎಲ್ಲಿ, ದನ ಎಲ್ಲಿ?”

ಅದೂ ನಿಜವೇ ಇತ್ತು. ಕಟ್ಟಿಗೆ ತೀರಿತು, ಹುಲ್ಲು ತೀರಿತು, ಹೊಲ ಬರಡಾಯಿತು, ಚಿನ್ನದ ದಾರಿ ಬಡಗಣಕ್ಕೆ ಹೊರಳಿತು ಎಂದು ಮುದುಕ ಹೇಳಿದ. ಜನ ಗೋಡೆಯನ್ನು ಅಲ್ಲೇ ಬಿಟ್ಟು ಎದ್ದುಹೋದರು. ಅವರಲ್ಲೇ ಕೆಲವರು ಬಡಗಣದಲ್ಲಿ ಇನ್ನೊಂದು ರಾಜ್ಯ ಕಟ್ಟಿದರು. ಆಗ ಪೋರ್ತುಗೀಸರು ಬಂದರು. ಮೊದಲು ಬಟ್ಟೆ ಮಣಿ ಕಾಣಿಕೆ ಕೊಟ್ಟು, ರಾಜನ ಮುಂದೆ ನೆಲದ ಮೇಲೆ ಕುಳಿತರು. ಆಮೇಲೆ ಅಣ್ಣತಮ್ಮಂದಿರ ಜಗಳದಲ್ಲಿ ಒಬ್ಬನಿಗೆ ಬಂದೂಕು ಕೊಟ್ಟರು. ಗೆದ್ದವನ ಕೈಯಿಂದ ಗಣಿಗಳನ್ನೆಲ್ಲ ಬರೆಸಿಕೊಂಡರು. ಹುಕುಂ ಎಲ್ಲ ಇದೇ ಗೋವಾದಿಂದ ಹೋಗುತ್ತಿತ್ತಂತೆ. ಇದನ್ನು ಹೇಳುವಾಗ ಅವನು ಸಮುದ್ರದ ಕಡೆ ನೋಡುತ್ತಿದ್ದ.

ಆಮೇಲಿನದು ಅವನದೇ ಕತೆ. ಅವನು ಆಫ್ರಿಕಾದಲ್ಲಿದ್ದಾಗ ಆ ಗೋಡೆಗಳನ್ನು ನೋಡಲು ತನ್ನ ಬಿಳಿ ಸಾಹೇಬನ ಜೊತೆ ಗಡಿ ದಾಟಿ ಹೋಗಿದ್ದ. ಅಲ್ಲಿನ ದೊರೆಗಳು ಇದನ್ನು ಕರಿಯರು ಕಟ್ಟಿದ್ದೇ ಅಲ್ಲ, ಎಲ್ಲಿಂದಲೋ ಬಂದ ಬಿಳಿ ಜನ ಕಟ್ಟಿದ್ದು ಎಂದು ಪುಸ್ತಕದಲ್ಲಿ ಬರೆಸಿದ್ದರಂತೆ. ಹೊರಗಿನ ಕಳ್ಳರು ಚಿನ್ನದ ಆಸೆಗೆ ನೆಲ ಅಗೆದು, ಸಿಕ್ಕ ಗಡಿಗೆ ಮಡಿಕೆ ಒಡೆದು ಬಿಸಾಡಿದ್ದರಂತೆ. ಬಾಗಿಲಲ್ಲಿ ಒಬ್ಬ ಮುದಿ ಕಾವಲುಗಾರ, ಅಲ್ಲಿಯವನೇ, ಎದೆ ಮುಟ್ಟಿಕೊಂಡು “ಇದು ನಮ್ಮವರು ಕಟ್ಟಿದ್ದು” ಎಂದನಂತೆ. ಸಾಹೇಬ ನಕ್ಕು ಇವನ ಕಡೆ ತಿರುಗಿ, “ಇಂಥವರ ಕೈಯಲ್ಲಿ ಇದಾಗುತ್ತದೆಯೇ?” ಎಂದು ಕೇಳಿದನಂತೆ.

“ನಾನು ಏನಂದೆ ಗೊತ್ತಾ ಬಾಯ್? ಆಗೋದಿಲ್ಲ ಸರ್ ಅಂದೆ. ನಕ್ಕೆ ಕೂಡ. ನಾನೂ ಕರಿಯನೇ, ಕೋಟು ಹಾಕಿದ ಕರಿಯ. ಇಪ್ಪತ್ತು ವರ್ಷ ಆಯಿತು, ಆ ಮುದುಕನ ಮುಖ ನಿದ್ದೆ ಮಾಡಲು ಬಿಡೋದಿಲ್ಲ.” ಅದಕ್ಕೇ ಈ ಗೋಡೆ. ಮಣ್ಣು ಹೊರುವ ಕೈಗಳೇ ಇಂಥದ್ದನ್ನು ಕಟ್ಟುತ್ತವೆ ಎಂದು ಅವನಿಗೆ ತನ್ನ ಕಣ್ಣಾರೆ ಕಾಣಬೇಕಿತ್ತು. “ಅಲ್ಲಿ ಕಟ್ಟಿದವರ ಹೆಸರು ಒಂದೂ ಉಳಿಯಲಿಲ್ಲ. ಮೇಸ್ತ್ರಿ, ಇಲ್ಲಿ ನಿನ್ನ ಹೆಸರು ಕೆತ್ತಿದ ಕಲ್ಲನ್ನು ಗೋಡೆಯ ಬಾಗಿಲ ಹತ್ತಿರ ಕೂಡಿಸೋಣ. ಮಾತು ಕೊಟ್ಟೆ” ಎಂದು ಅವರ ಕೈ ಮೇಲೆ ಕೈ ಇಟ್ಟ.

ಅಂದು ಗುಡಿಸಲಿಗೆ ಬಂದ ಮೇಲೆ ಇವರು ನನ್ನನ್ನು ಕೂರಿಸಿಕೊಂಡು, ನೆಲದ ಮೇಲೆ ಇದ್ದಿಲಿನಿಂದ ತಮ್ಮ ಹೆಸರಿನ ಅಕ್ಷರ ಬರೆಸಿಕೊಂಡರು. ಬರೆಯಲು ನನಗೆ ಅಂಜಿಕೆಯಾಯಿತು. “ಬಾಯಿಲೆ ಹೇಳಬ್ಯಾಡ, ಕೈಲೆ ಬರಿ. ದೇವರ ಸಿಟ್ಟಾಗೂದಿಲ್ಲ” ಎಂದು ನಕ್ಕರು. ಮರುದಿನದಿಂದ ಮಧ್ಯಾಹ್ನದ ಬಿಡುವಿನಲ್ಲಿ ಒಡಕು ಕಲ್ಲಿನ ಮೇಲೆ ಆ ನಾಲ್ಕು ಅಕ್ಷರ ಕೆತ್ತಿ ಕೆತ್ತಿ ಕೈ ಪಳಗಿಸಿದರು. ಒತ್ತಕ್ಷರ ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ.

ಶಿಗ್ಮೋ ಎಂಬ ಹೋಳಿ ಹಬ್ಬದ ಢೋಲು ಮುಗಿದು ಬಿಸಿಲು ಕಾಯತೊಡಗಿದಾಗ ಗೋಡೆ ಎರಡಾಳು ಎತ್ತರ ಮುಟ್ಟಿತು. ಎಲ್ಲಕ್ಕಿಂತ ಮೇಲಿನ ಥರದಲ್ಲಿ, ಆಫ್ರಿಕಾದ ಗೋಡೆಯಲ್ಲಿದ್ದ ಹಾಗೆ, ಕಲ್ಲುಗಳನ್ನು ಓರೆಯಾಗಿ ನಿಲ್ಲಿಸಿ ತೆನೆತೆನೆಯಾಗಿ ಕೂಡಿಸಬೇಕಿತ್ತು. ಅದು ನನ್ನ ಇಳಕಲ್ ಸೀರೆಯ ಸೆರಗಿನ ತೆನೆಯನ್ನೇ ಹೋಲುತ್ತಿತ್ತು. ಸೆರಗು ಹಾಸಿ ಲೆಕ್ಕ ಹಿಡಿದು ಆ ಸಾಲು ಇಟ್ಟವಳು ನಾನು. ಗೋಡೆಗೆ ಒರಗಿದರೆ ಬೆನ್ನಿಗೆ ಒಂದು ಕಲ್ಲೂ ಚುಚ್ಚುತ್ತಿರಲಿಲ್ಲ. ಹೆಸರಿನ ಕಲ್ಲಿಗೆಂದು ಬಾಗಿಲ ಬಲಕ್ಕೆ ಒಂದು ಕಲ್ಲಿನಷ್ಟು ಜಾಗ ಖಾಲಿ ಬಿಟ್ಟರು.

ಒಂದು ಬೆಳಿಗ್ಗೆ ಇವರು ಮೊಂಡಾದ ಚಾಣಗಳ ಮೊನೆ ಹಣಿಸಲು ಕಮ್ಮಾರನ ಕಡೆ ಹೋಗಿದ್ದರು. ಆಗ ಕ್ಯಾಮೆರಾ ತಗುಲಿಹಾಕಿಕೊಂಡು ಪತ್ರಿಕೆಯವನೊಬ್ಬ ಬಂದ. ಇಗರ್ಜಿಗೆ ಪ್ರಾರ್ಥನೆಗೆ ಬರುವ ಇನಾಸ್ ಬಾಬ್‌ನ ಗೆಳೆಯರು ಯಾರೋ ಹೇಳಿ ಕಳಿಸಿದ್ದಂತೆ. ಗೋಡೆಯನ್ನು ಸುತ್ತಿ ನೋಡಿ, ಮೂಗಿನ ಮೇಲೆ ಬೆರಳಿಟ್ಟ. ನನ್ನನ್ನು ಕಂಡು ಹಿಂದಿಯಲ್ಲಿ, “ಇದನ್ನು ಕಟ್ಟಿದವರು ಯಾರು?” ಎಂದು ಕೇಳಿದ.

“ನಮ್ಮ ಮನೆಯವರು” ಎಂದೆ.

“ಹೆಸರೇನು?”

ಪುಸ್ತಕ ಬಿಚ್ಚಿಕೊಂಡು, ಪೆನ್ನು ಹಿಡಿದು ನಿಂತಿದ್ದ. ಪರಗಂಡಸಿನ ಮುಂದೆ ಗಂಡನ ಹೆಸರು ಹೇಗೆ ಹೇಳಲಿ? ಸೆರಗು ಹಲ್ಲಿನಲ್ಲಿ ಕಚ್ಚಿ ನಕ್ಕೆ. ಈಗ ಬರುತ್ತಾರೆ, ಅವರನ್ನೇ ಕೇಳಿ ಎಂದೆ. ಅವನು ಗಡಿಯಾರ ನೋಡಿಕೊಂಡ. ಒಡಪು ಹಾಕಿಯಾದರೂ ಹೇಳೋಣ ಎಂದು ಮನಸ್ಸಿನಲ್ಲೇ ಪ್ರಾಸ ಹುಡುಕತೊಡಗಿದೆ. ಹಿಂದಿಯವನಿಗೆ ಒಡಪು! ನನ್ನಂಥ ಮಳ್ಳಿ ಇನ್ನೊಬ್ಬಳು ಇರಲಿಕ್ಕಿಲ್ಲ. ಪೆನ್ನು ಕೊಡಿ ಎಂದು ಇಸಿದುಕೊಂಡು ಬರೆದುಕೊಟ್ಟಿದ್ದರೆ ಆಗುತ್ತಿತ್ತು. ಬಾಯಿಲೆ ಬೇಡ ಕೈಲೆ ಬರಿ ಎಂದು ಅವರೇ ಹೇಳಿಕೊಟ್ಟಿದ್ದರು. ಆ ಹೊತ್ತಿಗೆ ಅದು ಹೊಳೆಯಲಿಲ್ಲ.

ಅಷ್ಟರಲ್ಲಿ ಇನಾಸ್ ಬಾಬ್ ಹೊರಗೆ ಬಂದ. ಪತ್ರಿಕೆಯವನು ಅವನನ್ನೇ ಕೇಳಿದ, ಇದನ್ನು ಕಟ್ಟಿದವರು ಯಾರು ಎಂದು. ಮುದುಕ ನನ್ನನ್ನು ನೋಡಿದ, ಗೋಡೆಯನ್ನು ನೋಡಿದ, ಕ್ಯಾಮೆರಾ ನೋಡಿದ. ಅಂಗಿಯ ಕಾಲರು ಸರಿಮಾಡಿಕೊಂಡ. “ಹಾಂವೆಂ” ಎಂದ. ನಾನು ಎಂದು ಅರ್ಥ. ಫೋಟೋ ತೆಗೆಯುವಾಗ ನನ್ನನ್ನು ಬದಿಗೆ ಸರಿಯಲು ಹೇಳಿದರು. ನಾನು ಸರಿದೆ.

ವಾರದ ಮೇಲೆ ಮರಾಠಿ ಪತ್ರಿಕೆಯಲ್ಲಿ ಅಚ್ಚಾಯಿತು. ಇವರು ಚಹದ ಅಂಗಡಿಯಿಂದ ಅದನ್ನು ಎದೆಗೆ ಒತ್ತಿಕೊಂಡು ತಂದರು. “ಏನ ಬರದಾರ ಓದು. ನನ್ನ ಹೆಸರ ಎಲ್ಲೈತಿ, ಬೆರಳ ಇಟ್ಟು ತೋರಸು.” ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಆಫ್ರಿಕಾದಿಂದ ಮರಳಿದ ಹಿರಿಯರೊಬ್ಬರು ತಮ್ಮ ಸ್ವಂತ ಜಾಣ್ಮೆಯಿಂದ ಕಟ್ಟಿದ ವಿಚಿತ್ರ ಗೋಡೆ ಎಂದಿತ್ತು. ಕೂಲಿಯವರು ಕಲ್ಲು ಹೊತ್ತರು ಎಂದೂ ಇರಲಿಲ್ಲ.

“ಅಂವಾ ಹೆಸರ ಕೇಳಿದಾಗ ನೀ ಏನಂದಿ?” ಎಂದು ಕೇಳಿದರು.

“ನಿಮ್ಮ ಹೆಸರ ನಾ ಹೆಂಗ ಹೇಳ್ಲಿ?” ಎಂದೆ.

ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿಟ್ಟು, “ಖರೇ ಐತಿ. ಹೇಳಬಾರದು ಬಿಡು” ಎಂದರು. ಬೈದಿದ್ದರೆ ಚೆನ್ನಾಗಿತ್ತು, ಎರಡು ಬಡಿದಿದ್ದರೂ ಸಹಿಸುತ್ತಿದ್ದೆ. ಆ ಒಂದು ಮಾತನ್ನು ಇವತ್ತಿಗೂ ನುಂಗಲಾಗಿಲ್ಲ.

ಮರುದಿನ ಇಬ್ಬರೂ ಇನಾಸ್ ಬಾಬ್‌ನ ಮುಂದೆ ನಿಂತೆವು. ಹೆಸರಿನ ಕಲ್ಲು ತಯಾರಾಗಿತ್ತು, ಒತ್ತಕ್ಷರವೂ ಕೊನೆಗೆ ಮಾತು ಕೇಳಿತ್ತು. ಇವರು ಕಲ್ಲನ್ನು ಮಗುವಿನ ಹಾಗೆ ಮೊಣಕೈ ಮೇಲೆ ಇಟ್ಟುಕೊಂಡಿದ್ದರು. “ಕೂಡಸ್ಲಿ ಏನ್ರಿ ಬಾಬ್?”

ಮುದುಕ ಕಲ್ಲಿನ ಕಡೆ ನೋಡಲೇ ಇಲ್ಲ. “ಈಗ ಬೇಡ ಮೇಸ್ತ್ರಿ. ಪೇಪರಿನಲ್ಲಿ ಬೇರೆ ಅಚ್ಚಾಗಿದೆ, ನೋಡಲು ಜನ ಬರ್ತಿದ್ದಾರೆ. ಈಗ ಇನ್ನೊಂದು ಹೆಸರು ಕಂಡರೆ ಏನು ಅಂದುಕೊಳ್ತಾರೆ? ಮಳೆಗಾಲ ಮುಗಿಯಲಿ, ಆಮೇಲೆ ಹಾಕೋಣ.”

ನನಗೆ ತಡೆಯಲಾಗಲಿಲ್ಲ. “ಬಾಬ್, ಅಲ್ಲಿ ಸಾಹೇಬನ ಸುಳ್ಳಿಗೆ ಹೂಂ ಅಂದಿದ್ದಕ್ಕ ಇಪ್ಪತ್ತು ವರ್ಷ ನಿದ್ದಿ ಇಲ್ಲ ಅಂದ್ರಿ. ಇದಕ್ಕ ಎಷ್ಟ ವರ್ಷ ನಿದ್ದಿ ಬಿಡ್ತೀರಿ?” ಎಂದೆ.

“ಸುಮ್ನಿರ. ಹಿರೇ ಮನಷ್ಯಾ ಅದಾರ” ಎಂದು ಇವರು ನನ್ನನ್ನು ಗದರಿದರು. ಮುದುಕ ನನ್ನಿಂದ ಮುಖ ತಿರುಗಿಸಿದ. ಒಳಗೆ ಹೋಗಿ ಬಂದು ನನ್ನ ಕೈಯಲ್ಲಿ ಏನನ್ನೋ ಇಟ್ಟು ಮುಷ್ಟಿ ಮುಚ್ಚಿದ. ತೆರೆದು ನೋಡಿದರೆ ಒಂದು ಕೆಂಪು ಮಣಿ. ಗರಿ ತುಂಬ ಚಿನ್ನ ಕೊಟ್ಟವರಿಗೆ ಸಿಕ್ಕದ್ದೇ ನಮಗೂ ಸಿಕ್ಕಿತು. ಮುಖಕ್ಕೆ ಎಸೆಯಬೇಕಿತ್ತು. ಇಸಿದುಕೊಂಡೆ, ಅದೂ ನನ್ನದೇ ತಪ್ಪು.

ಜೂನಿನ ಮೊದಲ ಮಳೆ ಸಮುದ್ರದ ಕಡೆಯಿಂದ ಅಡ್ಡಡ್ಡ ಹೊಡೆಯಿತು. ಗೋಡೆ ಕೂದಲೆಳೆಯಷ್ಟೂ ಅಲುಗಲಿಲ್ಲ, ನೀರು ಸಂದುಗಳಿಂದ ಇಳಿದು ಹೋಯಿತು. ನಾವು ಗಂಟು ಕಟ್ಟಿ ಕುಂಕಳ್ಳಿಗೆ ಬಂದೆವು. ಹೆಸರಿನ ಕಲ್ಲನ್ನು ಇವರು ಅಲ್ಲೇ ಗೋಡೆಯ ಬುಡಕ್ಕೆ 'ಮಳೆ ಮುಗಿಯಲಿ' ಎಂದು ಒರಗಿಸಿ ಬಂದರು. ಮಳೆ ಮುಗಿಯುವುದರೊಳಗೆ ಇನಾಸ್ ಬಾಬ್ ತೀರಿಕೊಂಡ. ಅವನ ಅಣ್ಣನ ಮಗ ಬೊಂಬಾಯಿಯಿಂದ ಬಂದು ಮನೆಗೆ ಬೀಗ ಹಾಕಿದ. ಇವರು ಒಮ್ಮೆ ಹೋಗಿ ಬೀಗ ನೋಡಿ ತಿರುಗಿ ಬಂದರು. ಆಮೇಲೆ ಹೆಸರಿನ ಮಾತನ್ನೇ ಆಡಲಿಲ್ಲ. ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡುಗಳ ಪಾಯಕ್ಕೆ ಜಲ್ಲಿ ಒಡೆದರು, ಧೂಳು ಕುಡಿದರು, ಕೆಮ್ಮಿದರು. ಎದೆಯ ಫೋಟೋ ನೋಡಿದ ಡಾಕ್ಟರು ಒಳಗೆಲ್ಲ ಕಲ್ಲಿನ ಪುಡಿ ಎಂದರು. ಹೋದ ವರ್ಷ ದೀಪಾವಳಿಗೆ ಮೊದಲೇ ಹೋಗಿಬಿಟ್ಟರು. ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ಹೇಳಿದ್ದಳು. ಒಡಪಿನ ಹೊರಗೆ ನಾನು ಒಮ್ಮೆಯೂ ಹೇಳಲಿಲ್ಲ. ಅವರಿಗೆ ನಲವತ್ತೊಂದು ತುಂಬಿರಲಿಲ್ಲ.

ಭಾನುವಾರ ನಾನು ಗುಡ್ಡ ಹತ್ತಿದಾಗ ಮನೆ ಹೋಟೆಲಾಗಿತ್ತು. ಗೋಡೆ ಇತ್ತು, ನನ್ನ ತೆನೆಯ ಸಾಲೂ ಇತ್ತು. ಆದರೆ ಸಂದುಸಂದಿಗೂ ಸಿಮೆಂಟು ಮೆತ್ತಿದ್ದರು. ಬಾಗಿಲ ಬಲಕ್ಕೆ ಇವರು ಖಾಲಿ ಬಿಟ್ಟ ಜಾಗದಲ್ಲಿ ಹಿತ್ತಾಳೆಯ ಫಲಕ ಕೂಡಿಸಿದ್ದರು. ಕೆಳಗಿದ್ದ ಹೆಸರಿನ ಕಲ್ಲನ್ನು ಹುಡುಕಿದೆ. ಗೇಟಿನ ಹೊರಗೆ ಕೈ ತೊಳೆಯುವ ನಲ್ಲಿಯ ಕೆಳಗೆ ಕಾಲಿಡಲು ಹಾಕಿದ್ದರು. ಅಕ್ಷರ ಸವೆದು ನುಣುಪಾಗಿದ್ದವು, ಒತ್ತಕ್ಷರದ ಬಾಲ ಮಾತ್ರ ಉಳಿದಿತ್ತು.

ಗೇಟಿನ ಕಾವಲುಗಾರ ನನ್ನ ಸೀರೆ ನೋಡಿಯೇ ತನ್ನ ಕಡೆಯವಳೆಂದು ಗುರುತು ಹಿಡಿದ. ನಲವತ್ತು ದಾಟಿದ ಮನುಷ್ಯ, ಗದಗಿನ ಕಡೆಯವನು. “ಯಾವೂರ್ರಿ ಅಕ್ಕಾರ? ಒಳಗ ಬಿಡೂದಿಲ್ರಿ, ಇಲ್ಲಿಂದ ನೋಡ್ರಿ. ಭಾಳ ಹಳೇ ಗ್ವಾಡಿ ಇದು. ಪೋರ್ತುಗೀಸರು ಕಟ್ಟಿದ್ದು, ನಾಕನೂರು ವರ್ಷ ಆತಂತ. ಬೋರ್ಡಿನ್ಯಾಗ ಬರದಾರ.”

“ಪೋರ್ತುಗೀಸರಲ್ಲ” ಎಂದೆ.

“ಮತ್ತ್ಯಾರು ಕಟ್ಟಿದರ್ರಿ?”

ಅದೇ ಪ್ರಶ್ನೆ, ಅದೇ ಗೋಡೆ. ಈ ಸಲ ನಾನು ಸೆರಗು ಕಚ್ಚಲಿಲ್ಲ, ಒಡಪು ಹುಡುಕಲಿಲ್ಲ. “ದುರಗಪ್ಪ” ಎಂದೆ. ಜೀವಮಾನದಲ್ಲಿ ಮೊದಲ ಸಲ ಅದು ಬರಿದಾಗಿ ನನ್ನ ಬಾಯಿಂದ ಬಂತು. ನನ್ನ ದನಿಯೇ ನನಗೆ ಹೊಸದಾಗಿ ಕೇಳಿತು. “ದುರಗಪ್ಪ ಕಟ್ಟಿದ್ದು. ನನ್ನ ಗಂಡ. ಹುನಗುಂದದ ಕಡೆಯಂವಾ. ಕಲ್ಲ ನಾ ಹೊತ್ತೀನಿ.”

ಕಾವಲುಗಾರ ನನ್ನ ಮುಖ ನೋಡಿದ, ಗೋಡೆಯನ್ನು ಬುಡದಿಂದ ತುದಿಯವರೆಗೆ ನೋಡಿದ, ಮತ್ತೆ ನನ್ನ ಕೈಗಳನ್ನು ನೋಡಿದ. ಕೆಟ್ಟ ಮನುಷ್ಯನಲ್ಲ, ಮೆಲ್ಲಗೇ ನಕ್ಕ.

“ಅಕ್ಕಾರ, ಬಿಡ್ರಿ. ಇಂಥಾದ್ದು ನಮ್ಮಂಥವ್ರ ಕೈಲೆ ಆಗತೈತೇನ್ರಿ?” ಎಂದ.